ಗಾಜಿನೊಳಗೆ ಗಡಿಜಗಳ

ಕೈವಾರದ ಮಕ್ಕಳಿಗೆ ಬಕಾಸುರನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಹಾಭಾರತದ ಏಕಚಕ್ರಪುರ ತಮ್ಮದೇ ಊರು ಎಂಬುದು ಇಲ್ಲಿನವರ ನಂಬಿಕೆ. ಊರ ಪಕ್ಕದ ಬೆಟ್ಟದಲ್ಲಿ ರಕ್ಕಸನಿದ್ದನಂತೆ. ದಿನಕ್ಕೊಂದು ಗಾಡಿ ಅನ್ನ, ಅದನ್ನು ಎಳೆದು ತಂದ ಕೋಣಗಳು, ಹೊಡೆದುಕೊಂಡು ಬಂದ ಮನುಷ್ಯ, ಎಲ್ಲವೂ ಅವನ ಪಾಲು. ಕೊನೆಗೆ ಭೀಮ ಬಂದ, ಬಕ ಸತ್ತ, ಊರು ಉಸಿರಾಡಿತು. ಉಪ್ಪುನೀರಿನ ಅಕ್ವೇರಿಯಂ ಇಟ್ಟ ಮನೆಗಳಲ್ಲಿ ಇದನ್ನೇ ಹೋಲುವ ದೂರು ಕೇಳಿಬರುತ್ತದೆ. ತೊಟ್ಟಿಯಲ್ಲಿರುವ ಒಂದು ಮೀನು ಉಳಿದವನ್ನೆಲ್ಲ ಒಂದೊಂದಾಗಿ ಮುಗಿಸುತ್ತಿದೆ. ರೆಕ್ಕೆ ಹರಿಯುತ್ತದೆ, ಹೊಸದಾಗಿ ಬಂದದ್ದನ್ನು ಮೂಲೆಗೊತ್ತಿ ಉಪವಾಸ ಕೆಡವುತ್ತದೆ, ರಾತ್ರಿ ಕಳೆಯುವುದರೊಳಗೆ ಸಿಗಡಿ ಮಾಯ.

ಕಥೆಯಲ್ಲಿ ರಕ್ಕಸ ಸತ್ತರೆ ಊರಿಗೆ ನೆಮ್ಮದಿ. ತೊಟ್ಟಿಯಲ್ಲಿ ಹಾಗಾಗುವುದು ಕಡಿಮೆ. ಕಾಟ ಕೊಡುವ ಮೀನನ್ನು ಹಿಡಿದು ತೆಗೆದರೆ ಎಷ್ಟೋ ಸಲ ಅದರ ಕೆಳಗೆ ತಗ್ಗಿಬಗ್ಗಿ ಬದುಕಿದ್ದ ಎರಡನೆಯ ಮೀನು ಆ ಜಾಗಕ್ಕೆ ಬಂದು ನಿಲ್ಲುತ್ತದೆ. ಕಾರಣ ಸರಳ. ಕಡಲಿನ ಮೀನು ಬದುಕಲು ಕಲಿತಿರುವ ಪ್ರತಿಯೊಂದು ನಡತೆಯೂ ದೂರವನ್ನು ನಂಬಿಕೊಂಡಿದೆ. ಸೋತವನು ಓಡಿಹೋಗುವಷ್ಟು ದೂರ, ಹೊಲಸು ಕೊಚ್ಚಿಹೋಗುವಷ್ಟು ದೂರ, ರೋಗದ ಮರಿ ದಾರಿ ತಪ್ಪುವಷ್ಟು ದೂರ. ನಾಲ್ಕು ಗಾಜು ಅಂಟಿಸಿ ನಾವು ಕಿತ್ತುಕೊಳ್ಳುವುದು ಈ ದೂರವನ್ನೇ. ತಂಟೆಕೋರ ಎನಿಸಿಕೊಂಡ ಮೀನುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಪ್ರತಿ ತಂಟೆಯ ಬುಡದಲ್ಲೂ ಇದೇ ಕೊರತೆ ಸಿಗುತ್ತದೆ.

ಬಯಲುಸೀಮೆಯಲ್ಲಿ ಕಡಲು ಕಟ್ಟುವುದು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಈ ಸೀಮೆಗೆ ಪೂರ್ವದ ಕಡಲೂ ಪಶ್ಚಿಮದ ಕಡಲೂ ಇನ್ನೂರು ಕಿಲೋಮೀಟರಿಗಿಂತ ಆಚೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಮಳೆಯನ್ನು ಕಾಯುವ ಹೊಳೆಗಳು. ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ಬರುವ ನೀರಿನಲ್ಲಿ ಗಡಸು ಲವಣಗಳು, ಹಲವೆಡೆ ಫ್ಲೋರೈಡ್, ನೈಟ್ರೇಟ್ ಕೂಡ ಇವೆ. ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು ಇದೇ ಕಾರಣಕ್ಕೆ. ಕಡಲಿನ ಮೀನು ಸಾಕಬೇಕೆಂದರೂ ಮೊದಲ ಹೆಜ್ಜೆ ಅದೇ: ಆರ್‌ಓ ಯಂತ್ರದಲ್ಲಿ ನೀರಿನ ಲವಣವನ್ನೆಲ್ಲ ತೆಗೆಯುವುದು, ಆಮೇಲೆ ಕಡಲಿನ ಲವಣವನ್ನು ಅಳತೆಯಂತೆ ಸೇರಿಸುವುದು.

ಲೀಟರಿಗೆ 35 ಗ್ರಾಂ ಎಂದರೆ 200 ಲೀಟರಿನ ತೊಟ್ಟಿಗೆ 7 ಕಿಲೋ ಲವಣ. ಅಡುಗೆಯ ಉಪ್ಪು ಇದಕ್ಕೆ ಆಗುವುದಿಲ್ಲ. ಕಡಲಿನ ಲವಣದಲ್ಲಿ ಸೋಡಿಯಂ ಕ್ಲೋರೈಡ್ ದೊಡ್ಡ ಪಾಲು ನಿಜ. ಆದರೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ತಮ್ಮ ತಮ್ಮ ಪ್ರಮಾಣದಲ್ಲಿ ಇರದಿದ್ದರೆ ಮೀನು ಬದುಕದು. ಇನ್ನೊಂದು ಲೆಕ್ಕವನ್ನೂ ಈ ಸೀಮೆಯವರು ಮರೆಯಬಾರದು. ಮನೆಬಳಕೆಯ ಆರ್‌ಓ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ನೀರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಆ ನೀರನ್ನು ಪಾತ್ರೆ ತೊಳೆಯಲೋ ಅಂಗಳಕ್ಕೋ ಹಿಡಿದಿಡದೆ ಚರಂಡಿಗೆ ಬಿಡುವುದು ತಪ್ಪು.

ಉಸಿರಿನ ಲೆಕ್ಕ ಇನ್ನೂ ಬಿಗಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಕಡಲಿನ ನೀರು ಹಿಡಿಯುವುದು ಸುಮಾರು 6.8 ಮಿಲಿಗ್ರಾಂ ಮಾತ್ರ. ಇದು ಸಮುದ್ರಮಟ್ಟದ ಮಾತು. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ನೀರಿನಲ್ಲಿ ಕರಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಇಳಿದು ಲೀಟರಿಗೆ ಆರು ಮಿಲಿಗ್ರಾಂ ಆಸುಪಾಸಿಗೆ ಬರುತ್ತದೆ. ಚೆನ್ನೈಯಲ್ಲೋ ಮಂಗಳೂರಿನಲ್ಲೋ ಹತ್ತು ಮೀನು ತಾಳುವ ತೊಟ್ಟಿ ಇಲ್ಲಿ ಒಂದು ಮೀನನ್ನು ಕಡಿಮೆ ತಾಳುತ್ತದೆ. ಬೇಸಿಗೆಯ ರಾತ್ರಿ ಕರೆಂಟು ಹೋಗಿ ಪಂಪು ನಿಂತರೆ ಉಳಿಯುವ ಹೊತ್ತೂ ಕಡಿಮೆ. ಈ ತೊಟ್ಟಿಯೊಳಕ್ಕೆ ನಾವು ಮೊದಲು ಬಿಡುವುದು ಯಾರನ್ನು ಎಂಬುದರಿಂದ ಜಗಳದ ಕಥೆ ಶುರುವಾಗುತ್ತದೆ.

ಮೊದಲು ಬಂದವನ ಹಕ್ಕು

ಹೊಸ ತೊಟ್ಟಿಯಲ್ಲಿ ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಇವೆರಡೂ ಕಲ್ಲು ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕಡಲಿನ ನೀರು ಕ್ಷಾರೀಯ. ಅದರ ಪಿಎಚ್ 8.2ರ ಹತ್ತಿರ. ಆ ಪಿಎಚ್‌ನಲ್ಲಿ ಅಮೋನಿಯಾದ ವಿಷರೂಪ ಪಿಎಚ್ 7ರ ನೀರಿನಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಈ ವಿಷದ ವಾರಗಳನ್ನು ದಾಟಿಸಲು ಬಹಳ ಜನ ಕಡಿಮೆ ಬೆಲೆಯ, ಗಟ್ಟಿ ಜೀವದ ಡ್ಯಾಮ್ಸೆಲ್ ಮೀನುಗಳನ್ನು ಬಿಡುತ್ತಾರೆ. ಹೊಳೆಯುವ ನೀಲಿ ಡ್ಯಾಮ್ಸೆಲ್, ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆಯ ಡಾಮಿನೋ, ಬಿಳಿ ಕಪ್ಪು ಪಟ್ಟೆಯ ಹಮ್‌ಬಗ್. ಹೆಬ್ಬೆರಳಿನಷ್ಟು ಮೀನು, ಸತ್ತರೆ ಹೆಚ್ಚು ನಷ್ಟವಿಲ್ಲ ಎಂಬ ಲೆಕ್ಕ.

ಈ ಲೆಕ್ಕ ಎರಡು ರೀತಿಯಲ್ಲಿ ಕೆಟ್ಟದ್ದು. ವಿಷ ಕುಡಿಸಲೆಂದೇ ಒಂದು ಜೀವವನ್ನು ತರುವುದು ಅನ್ಯಾಯ. ಮೀನಿಲ್ಲದೆ ಅಮೋನಿಯಾವನ್ನೇ ಹನಿಹನಿಯಾಗಿ ಹಾಕಿ ಬ್ಯಾಕ್ಟೀರಿಯಾ ಬೆಳೆಸಲು ಬರುತ್ತದೆ. ಎರಡನೆಯದಾಗಿ, ಬದುಕಿ ಉಳಿದ ಡ್ಯಾಮ್ಸೆಲ್ ಆ ಆರು ವಾರಗಳಲ್ಲಿ ತೊಟ್ಟಿಯ ಪ್ರತಿ ಕಲ್ಲನ್ನೂ ತನ್ನದೆಂದು ಗುರುತು ಹಾಕಿಕೊಂಡಿರುತ್ತದೆ. ಆಮೇಲೆ ದುಬಾರಿ ಬೆಲೆ ಕೊಟ್ಟು ತಂದ ಸೌಮ್ಯ ಮೀನು ಇಳಿದಾಗ ಅದರ ಕಣ್ಣಿಗೆ ಕಾಣುವುದು ಗಡಿ ದಾಟಿ ಬಂದ ಕಳ್ಳ.

ಮೊದಲೇ ನೆಲೆಸಿದವನು ಗೆಲ್ಲುತ್ತಾನೆ ಎಂಬುದು ಪ್ರಾಣಿಲೋಕದ ಉದ್ದಗಲಕ್ಕೂ ಕಾಣುವ ನಿಯಮ. 1978ರಲ್ಲಿ ಇಂಗ್ಲೆಂಡಿನ ನಿಕ್ ಡೇವಿಸ್ ಕಾಡಿನ ನೆಲದ ಮೇಲೆ ಬೀಳುವ ಬಿಸಿಲಿನ ತುಣುಕುಗಳಿಗಾಗಿ ಹೊಡೆದಾಡುವ ಚಿಟ್ಟೆಗಳನ್ನು ಹಿಡಿದು, ಬಿಟ್ಟು, ಅದಲುಬದಲು ಮಾಡಿ ನೋಡಿದರು. ನಿನ್ನೆ ಸೋತ ಚಿಟ್ಟೆಯೂ ಆ ಬಿಸಿಲಿನಲ್ಲಿ ಮೊದಲು ಕೂತಿದ್ದರೆ ಇವತ್ತು ಗೆಲ್ಲುತ್ತಿತ್ತು. ಮೀನಿನಲ್ಲಿ ಗಾತ್ರವೂ ಸೇರಿಕೊಳ್ಳುತ್ತದೆ, ಆದರೂ ಮೊದಲು ಬಂದದ್ದರ ಬಲ ದೊಡ್ಡದು. ಅಕ್ವೇರಿಯಂ ಸಾಕುವವರಿಗೆ ಇದರಿಂದ ಬರುವ ಪಾಠ ಸ್ಪಷ್ಟ: ಸೌಮ್ಯ ಮೀನು ಮೊದಲು, ಜಗಳಗಂಟ ಮೀನು ಕಟ್ಟಕಡೆಗೆ. ಕ್ರಮ ಈಗಾಗಲೇ ತಪ್ಪಿದ್ದರೆ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿ ಜೋಡಿಸಿ. ಗುರುತು ಅಳಿದುಹೋದ ತೊಟ್ಟಿಯಲ್ಲಿ ಹಳಬ ಹೊಸಬ ಇಬ್ಬರೂ ಒಂದೇ ದಿನ ಬಂದವರಾಗುತ್ತಾರೆ.

ಲೊರೆಂಜ್ ಕಂಡದ್ದು

ಬಣ್ಣದ ಮೀನುಗಳ ಜಗಳವನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಪ್ರಮುಖರು. 1973ರಲ್ಲಿ ನೊಬೆಲ್ ಹಂಚಿಕೊಂಡ ಅವರು ಅದಕ್ಕೆ ಹತ್ತು ವರ್ಷ ಮೊದಲು, 1963ರಲ್ಲಿ, ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕವನ್ನು ಆರಂಭಿಸಿದ್ದು ಫ್ಲಾರಿಡಾದ ಹವಳದ ದಿಬ್ಬ ಮತ್ತು ತಮ್ಮದೇ ಅಕ್ವೇರಿಯಂಗಳ ಮೀನುಗಳಿಂದ. ಅವರ ಗಮನಕ್ಕೆ ಬಂದ ಸಂಗತಿ ಇದು: ಭಿತ್ತಿಪತ್ರದಂತೆ ಎದ್ದುಕಾಣುವ ಬಣ್ಣದ ಮೀನುಗಳು ತಮ್ಮದೇ ಜಾತಿಯ ಮೀನಿನ ಮೇಲೆ ಅತಿ ಉಗ್ರವಾಗಿ ಎರಗುತ್ತವೆ, ಬೇರೆ ಜಾತಿಯವನ್ನು ಹೆಚ್ಚಾಗಿ ಅವುಗಳ ಪಾಡಿಗೆ ಬಿಡುತ್ತವೆ. ಒಂದೇ ಊಟ, ಒಂದೇ ಬಗೆಯ ಬಿಲ, ಒಂದೇ ಬಗೆಯ ಸಂಗಾತಿ ಬೇಕಾದವನೇ ನಿಜವಾದ ಪೈಪೋಟಿದಾರ. ಬಣ್ಣ ಅವನನ್ನು ದೂರದಿಂದಲೇ ಗುರುತಿಸಿ ಎಚ್ಚರಿಸುವ ಬಾವುಟ.

ಕಡಲಿನಲ್ಲಿ ಈ ಜಗಳ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಗಡಿಯೊಳಗೆ ಬಂದವನು ಅಟ್ಟಿದೊಡನೆ ಓಡುತ್ತಾನೆ, ಅಟ್ಟಿದವನು ಗಡಿಯ ಅಂಚಿಗೆ ಬಂದು ತಿರುಗುತ್ತಾನೆ. ರಕ್ತ ಬೀಳುವುದು ಅಪರೂಪ. ತೊಟ್ಟಿಯಲ್ಲಿ ಸೋತವನಿಗೆ ಓಡಲು ಗಡಿಯಾಚೆಯೇ ಇಲ್ಲ. ಅವನು ಶರಣಾಗಿ ಮೂಲೆ ಹಿಡಿದರೂ ಗೆದ್ದವನ ಕಣ್ಣಿಗೆ ಇನ್ನೂ ತನ್ನ ನೆಲದಲ್ಲೇ ನಿಂತಿದ್ದಾನೆ. ಆದ್ದರಿಂದ ಅಟ್ಟುವುದು ನಿಲ್ಲುವುದಿಲ್ಲ. ಕೊಲ್ಲುವ ಉದ್ದೇಶವೇ ಇಲ್ಲದ ನಡತೆ ದಿನಗಟ್ಟಲೆ ಮುಂದುವರಿದು ಕೊಲೆಯಾಗಿಬಿಡುತ್ತದೆ.

ಲೊರೆಂಜರ ನಿಯಮ ಅರ್ಧ ಸರಿ ಎಂದು ನಂತರದ ಅಧ್ಯಯನಗಳು ತೋರಿಸಿದವು. ಹಲವು ಡ್ಯಾಮ್ಸೆಲ್‌ಗಳು ಪಾಚಿ ತಿನ್ನುವ ಯಾವ ಜಾತಿಯ ಮೀನನ್ನೂ ಹತ್ತಿರ ಬಿಡುವುದಿಲ್ಲ. ಅವು ಬೇಸಾಯಗಾರರು. ಜಪಾನಿನ ಹಿರೋಕಿ ಹತಾ ಮತ್ತು ಮಕೋತೊ ಕತೊ 2006ರಲ್ಲಿ ಒಕಿನಾವಾದ ಕಡಲಿನ ಒಂದು ಡ್ಯಾಮ್ಸೆಲ್ ಬಗ್ಗೆ ವರದಿ ಮಾಡಿದರು. ಅದು ತನ್ನ ತುಂಡು ನೆಲದಲ್ಲಿ ಒಂದೇ ಬಗೆಯ ಕೆಂಪು ಪಾಚಿಯನ್ನು ಬೆಳೆಯುತ್ತದೆ, ಜೀರ್ಣವಾಗದ ಬೇರೆ ಪಾಚಿಗಳನ್ನು ಕಿತ್ತು ಆಚೆ ಎಸೆಯುತ್ತದೆ. ಮೀನಿನ ಕಾವಲು ಇಲ್ಲದೆ ಆ ಪಾಚಿ ಉಳಿಯುವುದಿಲ್ಲ, ಪಾಚಿಯಿಲ್ಲದೆ ಮೀನಿಗೆ ಊಟವಿಲ್ಲ. ಬೆಲೀಜ್ ದೇಶದ ಹವಳದ ದಿಬ್ಬಗಳಲ್ಲಿ ಇನ್ನೊಂದು ಡ್ಯಾಮ್ಸೆಲ್ ತನ್ನ ಪಾಚಿತೋಟದ ಮೇಲೆ ಸೀಗಡಿಯಂಥ ಮೈಸಿಡ್ ಹಿಂಡನ್ನು ಕಾಪಾಡುತ್ತದೆ. ಅವುಗಳ ಹಿಕ್ಕೆ ತೋಟಕ್ಕೆ ಗೊಬ್ಬರ. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಇದನ್ನು ಪ್ರಾಣಿಯೊಂದು ಇನ್ನೊಂದು ಪ್ರಾಣಿಯನ್ನು ಪಳಗಿಸಿದ ಉದಾಹರಣೆಯೆಂದು ಮುಂದಿಟ್ಟಿತು. ಬೇಲಿ ಮುರಿದು ಹೊಲಕ್ಕೆ ನುಗ್ಗಿದ ದನವನ್ನು ಅಟ್ಟುವ ರೈತನನ್ನು ನಾವು ಪುಂಡ ಎನ್ನುವುದಿಲ್ಲ. ಡ್ಯಾಮ್ಸೆಲ್‌ಗೂ ಆ ಗೌರವ ಸಲ್ಲಬೇಕು.

ದೊಡ್ಡವಳು ಹೋದ ಮೇಲೆ

ಒಂದು ಜಗಳಗಂಟ ಮೀನನ್ನು ತೆಗೆದರೆ ಇನ್ನೊಂದು ಹುಟ್ಟಿಕೊಳ್ಳುವುದೇಕೆ ಎಂಬುದಕ್ಕೆ ಕ್ಲೌನ್ ಮೀನು ಒಳ್ಳೆಯ ಉತ್ತರ ಕೊಡುತ್ತದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಈ ಮೀನು ಡ್ಯಾಮ್ಸೆಲ್‌ಗಳ ಕುಟುಂಬಕ್ಕೇ ಸೇರಿದ್ದು. ಕಡಲ ಹೂವು (ಸೀ ಅನಿಮೊನಿ) ಎಂಬ ಪ್ರಾಣಿಯೊಂದರ ವಿಷದ ಎಸಳುಗಳ ನಡುವೆ ಒಂದು ಗುಂಪು ಬಾಳುತ್ತದೆ. ಅತಿ ದೊಡ್ಡದು ಹೆಣ್ಣು, ಎರಡನೆಯದು ಅವಳ ಗಂಡು, ಉಳಿದವು ಮರಿಹಾಕದೆ ಕಾಯುವ ಕಿರಿಯರು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಮೂರನೆಯದು ಗಂಡಿನ ಜಾಗಕ್ಕೇರುತ್ತದೆ. ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ಇದನ್ನು ವಿವರಿಸಿದರು. ಪೀಟರ್ ಬಸ್ಟನ್ 2003ರಲ್ಲಿ ಇನ್ನೊಂದು ಪದರವನ್ನು ಬಿಡಿಸಿದರು. ಪಪುವಾ ನ್ಯೂಗಿನಿಯ ಕಡಲಿನಲ್ಲಿ ಅವರು ಅಳೆದ ಗುಂಪುಗಳಲ್ಲಿ ಪ್ರತಿ ಕಿರಿಯ ಮೀನು ತನ್ನ ಮೇಲಿನದಕ್ಕಿಂತ ಒಂದು ಅಳತೆಯಷ್ಟು ಚಿಕ್ಕದಾಗಿಯೇ ಉಳಿಯುತ್ತಿತ್ತು. ಬೆಳೆಯುವುದನ್ನೇ ಅದು ತಡೆಹಿಡಿಯುತ್ತಿತ್ತು. ಮೇಲಿನವನ ಗಾತ್ರಕ್ಕೆ ಹತ್ತಿರ ಬಂದರೆ ಹೊರಗಟ್ಟುವ ಅಪಾಯವಿದೆ, ಕಡಲ ಹೂವಿನ ಆಸರೆ ತಪ್ಪಿದ ಕ್ಲೌನ್ ಬೇಟೆಗಾರ ಮೀನಿನ ಬಾಯಿಗೆ ಸಿಕ್ಕಂತೆಯೇ.

ಅಂಗಡಿಯಿಂದ ಒಂದೇ ಅಳತೆಯ ನಾಲ್ಕು ಕ್ಲೌನ್ ಮೀನು ತಂದು ಬಿಡುವವರು ಈ ವ್ಯವಸ್ಥೆಯನ್ನು ಅರಿಯದೆ ಒಡೆಯುತ್ತಾರೆ. ನಾಲ್ಕೂ ಸಮ ಎಂದರೆ ಯಾರೂ ಯಾರಿಗೂ ಬಗ್ಗುವುದಿಲ್ಲ. ಒಂದು ಹೆಣ್ಣಾಗಿ, ಒಂದು ಗಂಡಾಗಿ ಜೋಡಿ ಗಟ್ಟಿಯಾದ ದಿನ ಉಳಿದೆರಡರ ಪಾಡು ಮುಗಿಯಿತು. ಒಂದು ದೊಡ್ಡದು, ಒಂದು ಚಿಕ್ಕದು ತಂದರೆ ಜಗಳವೇ ಬೇಕಾಗದೆ ಜೋಡಿ ಕೂಡುತ್ತದೆ.

ಇತರ ಮೀನುಗಳ ಮೈಮೇಲಿನ ಪರೋಪಜೀವಿ ಹೆಕ್ಕುವ ಕ್ಲೀನರ್ ರ‍್ಯಾಸ್‌ನಲ್ಲಿ ದಿಕ್ಕು ತಿರುಗುಮುರುಗು. ಒಂದು ಗಂಡು, ಅದರ ಕೆಳಗೆ ಹಲವು ಹೆಣ್ಣು. ಗಂಡು ಹೋದರೆ ಹಿರಿಯ ಹೆಣ್ಣು ಗಂಡಾಗುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ರಾಸ್ ರಾಬರ್ಟ್‌ಸನ್ 1972ರಲ್ಲಿ ದಾಖಲಿಸಿದಂತೆ ಕೆಲವೇ ಗಂಟೆಗಳಲ್ಲಿ ಅದರ ನಡತೆ ಗಂಡಿನದಾಗುತ್ತದೆ, ಎರಡು ಮೂರು ವಾರಗಳೊಳಗೆ ವೀರ್ಯ ಬಿಡುವ ಶಕ್ತಿಯೂ ಬರುತ್ತದೆ. ಮೇಲಿನ ಸ್ಥಾನ ಖಾಲಿಯಾದೊಡನೆ ಅದನ್ನು ತುಂಬುವ ಮೀನು ತಯಾರಾಗಿಯೇ ನಿಂತಿರುತ್ತದೆ.

ಮಲ್ಪೆಯ ಕಾರ್ಗಿಲ್

ನಮ್ಮದೇ ಕಡಲಿನಿಂದ ಒಂದು ಉದಾಹರಣೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಟ್ರಾಲ್ ಬಲೆಗಳಿಂದ ರಾಶಿರಾಶಿಯಾಗಿ ಇಳಿಯುವ, ಕಡುನೀಲಿ ಮೈಯ, ಕೆಂಪು ಹಲ್ಲಿನ, ಬಾಲದ ಎರಡು ತುದಿ ಎಳೆಯಾಗಿ ಚಾಚಿದ ಒಂದು ಮೀನಿದೆ. ಮೀನುಗಾರರು ಅದನ್ನು ಕರೆಯುವುದು ಕಾರ್ಗಿಲ್ ಎಂದು. ವೈಜ್ಞಾನಿಕ ಹೆಸರು ಓಡೋನಸ್ ನೈಜರ್. ಚರ್ಮ ದಪ್ಪ, ತಿನ್ನುವವರು ಕಡಿಮೆ, ಆದ್ದರಿಂದ ಹೆಚ್ಚಿನ ಪಾಲು ಮೀನುಪುಡಿ ಕಾರ್ಖಾನೆಗೆ. ಇದೇ ಜಾತಿ ಅಕ್ವೇರಿಯಂ ಲೋಕದಲ್ಲಿ ನೈಜರ್ ಟ್ರಿಗರ್ ಎಂಬ ಹೆಸರಿನಲ್ಲಿ ಬೆಲೆ ಕಟ್ಟಿ ಮಾರಾಟವಾಗುತ್ತದೆ. ಬಂದರಿನ ಕಸ ಪೇಟೆಯ ಒಡವೆ.

ಟ್ರಿಗರ್‌ಗಳ ಬೆನ್ನಮೇಲೆ ಮುಳ್ಳಿನ ಚಿಲಕವಿದೆ. ಮೊದಲನೆಯ ದಪ್ಪ ಮುಳ್ಳನ್ನು ನಿಗುರಿಸಿ ಎರಡನೆಯ ಚಿಕ್ಕ ಮುಳ್ಳಿನಿಂದ ಬೀಗ ಹಾಕಿದರೆ ಮೊದಲನೆಯದನ್ನು ಬಗ್ಗಿಸಲು ಯಾರಿಂದಲೂ ಆಗದು. ಎರಡನೆಯದನ್ನು ಒತ್ತಿದರೆ ಮಾತ್ರ ಬೀಗ ಬಿಡುತ್ತದೆ. ಹೆದರಿದಾಗ ಬಿರುಕಿನೊಳಗೆ ನುಗ್ಗಿ ಮುಳ್ಳು ನಿಗುರಿಸಿದರೆ ಬೇಟೆಗಾರ ಎಷ್ಟೆಳೆದರೂ ಹೊರಬಾರದು. ದವಡೆ ಗಟ್ಟಿ, ಈ ಕುಟುಂಬದ ಹಲವು ಮೀನುಗಳು ಏಡಿ, ಚಿಪ್ಪಿನ ಹುಳು, ಕಡಲ ಮುಳ್ಳುಚೆಂಡನ್ನೂ ಒಡೆದು ತಿನ್ನುತ್ತವೆ. ಟೈಟನ್ ಟ್ರಿಗರ್ ಗೂಡು ಕಾಯುವ ಕಾಲದಲ್ಲಿ ಮುಳುಗುಗಾರರನ್ನೂ ಕಚ್ಚಿ ಅಟ್ಟುತ್ತದೆ. ಅದಕ್ಕೆ ಹೋಲಿಸಿದರೆ ಕಾರ್ಗಿಲ್ ಸಾಧು. ತೆರೆದ ನೀರಿನಲ್ಲಿ ಹಿಂಡುಹಿಂಡಾಗಿ ಈಜಿ ಪ್ಲಾಂಕ್ಟನ್ ಎಂಬ ತೇಲುವ ಕಿರುಜೀವಿಗಳನ್ನು ಹೆಕ್ಕುವ ಮೀನು ಅದು. ಹಾಗಾದರೆ ಮನೆಯ ತೊಟ್ಟಿಯಲ್ಲಿ ಸಿಗಡಿ ಮಾಯವಾಗುವುದೇಕೆ, ಕಿರುಮೀನಿನ ಬಾಲ ಹರಿಯುವುದೇಕೆ? ಅಂಗಡಿಯಲ್ಲಿ ಬೆರಳುದ್ದವಿದ್ದ ಈ ಮೀನು ಅರ್ಧ ಮೀಟರಿನವರೆಗೆ ಬೆಳೆಯಬಲ್ಲದು. 200 ಲೀಟರಿನ ತೊಟ್ಟಿಯ ಉದ್ದವೇ ಸುಮಾರು ಒಂದು ಮೀಟರ್. ಹಿಂಡಿಲ್ಲ, ಹರಿವಿಲ್ಲ, ಹೊತ್ತಿಡೀ ಹೆಕ್ಕಲು ಪ್ಲಾಂಕ್ಟನ್ ಇಲ್ಲ. ಬಲವಾದ ಹಲ್ಲು ಮಾತ್ರ ಹಾಗೇ ಇದೆ. ಮೀನು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದರ ಇಂದಿನ ಉದ್ದವನ್ನು ಕುರಿತದ್ದಾಗಬಾರದು. ಅದು ಬೆಳೆದು ಎಷ್ಟಾಗುತ್ತದೆ ಎಂದು ಕೇಳಬೇಕು.

ಮುರುಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಟ್ರಿಗರ್, ಡ್ಯಾಮ್ಸೆಲ್, ಚಿಟ್ಟೆಮೀನು, ಗಿಳಿಮೀನುಗಳನ್ನು ಒಂದೇ ಬಂಡೆಯ ಆಚೀಚೆ ನೋಡುತ್ತಾರೆ. ಅಲ್ಲೂ ಅಟ್ಟಾಟವಿದೆ. ಆದರೆ ಅಲ್ಲಿ ಪ್ರತಿ ಬಂಡೆಗೂ ಹಿಂಬದಿಯಿದೆ, ಹಿಂಬದಿಯಾಚೆ ಇನ್ನೊಂದು ಬಂಡೆಯಿದೆ.

ಹೆದರಿಕೆಯ ವಿಷ, ಹಸಿವಿನ ಮೌನ

ಕಚ್ಚದ ಮೀನೂ ತೊಟ್ಟಿಯನ್ನು ಮುಗಿಸಬಲ್ಲದು. ಹಳದಿ ಮೈಗೆ ಕಪ್ಪು ಚುಕ್ಕೆಯ ಪೆಟ್ಟಿಗೆಮೀನು ಚಿಕ್ಕದಿದ್ದಾಗ ದಾಳದಷ್ಟು ಮುದ್ದು. ಹೆದರಿದರೆ, ಗಾಯಗೊಂಡರೆ, ಸಾಯುವಾಗ ಅದರ ಚರ್ಮ ಸೋಪಿನಂಥ ವಿಷವನ್ನು ನೀರಿಗೆ ಬಿಡುತ್ತದೆ. ಕಡಲಿನಲ್ಲಿ ಆ ವಿಷ ಬೇಟೆಗಾರನ ಬಾಯಿಗೆ ಕಹಿ ಮಾಡಿ ಅಲೆಯಲ್ಲಿ ಕರಗಿಹೋಗುತ್ತದೆ. ತೊಟ್ಟಿಯಲ್ಲಿ ಅದು ಎಲ್ಲರ ಕಿವಿರುಗಳಿಗೂ ಸುತ್ತಿಬರುತ್ತದೆ, ಬಿಟ್ಟವನೂ ಉಳಿಯದಿರಬಹುದು.

ಮೌನವಾದ ತೊಂದರೆ ಹಸಿವಿನದು. ಚೀನೀ ರೇಷ್ಮೆಯ ಚಿತ್ತಾರದಂಥ ಮ್ಯಾಂಡರಿನ್ ಮೀನು ದಿನವಿಡೀ ಕಲ್ಲಿನ ಮೇಲಿನ ಕೊಪೆಪಾಡ್ ಎಂಬ ಕಿರುಜೀವಿಗಳನ್ನು ಒಂದೊಂದಾಗಿ ಹೆಕ್ಕುತ್ತದೆ. ಸಣ್ಣ ತೊಟ್ಟಿಯ ಕೊಪೆಪಾಡ್ ಮುಗಿದ ಮೇಲೆ ಪೊಟ್ಟಣದ ಆಹಾರವನ್ನು ಮೂಸಿಯೂ ನೋಡದೆ ಒಣಗುತ್ತದೆ. ಕ್ಲೀನರ್ ರ‍್ಯಾಸ್‌ನದೂ ಅದೇ ಪಾಡು. ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ತೋರಿಸಿದಂತೆ ಗ್ರೇಟ್ ಬ್ಯಾರಿಯರ್ ರೀಫ್‌ನ ಒಂದು ಕ್ಲೀನರ್ ದಿನಕ್ಕೆ ಸುಮಾರು 1,200 ಪರೋಪಜೀವಿಗಳನ್ನು ತಿನ್ನುತ್ತದೆ. ಆರು ಮೀನಿನ ತೊಟ್ಟಿ ಅಷ್ಟನ್ನು ಎಲ್ಲಿಂದ ಒದಗಿಸೀತು? ಹಸಿದ ಕ್ಲೀನರ್ ಕೊನೆಗೆ ಜೊತೆಯವುಗಳ ಲೋಳೆಯನ್ನೇ ಕಿತ್ತು ತಿನ್ನತೊಡಗುತ್ತದೆ, ಮನೆಯವರು ಅದನ್ನೂ ತಂಟೆಕೋರರ ಪಟ್ಟಿಗೆ ಸೇರಿಸುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ತೊಟ್ಟಿಗಳನ್ನು ಖಾಲಿ ಮಾಡುವುದು ಬಿಳಿಚುಕ್ಕೆ ರೋಗ. ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶಜೀವಿ ಮೀನಿನ ಚರ್ಮದಲ್ಲಿ ಕೆಲವು ದಿನ ತಿಂದು ಕೊಬ್ಬುತ್ತದೆ, ಕಳಚಿ ತಳಕ್ಕೆ ಬೀಳುತ್ತದೆ, ಅಲ್ಲಿ ಗೂಡು ಕಟ್ಟಿ ಒಡೆದು ನೂರಾರು ಮರಿಗಳನ್ನು ಬಿಡುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು. ಕಡಲಿನಲ್ಲಿ ಬಹುಪಾಲಿಗೆ ಸಿಗುವುದಿಲ್ಲ. ತೊಟ್ಟಿಯಲ್ಲಿ ಮೀನು ಎಲ್ಲಿಗೂ ಹೋಗಿರುವುದಿಲ್ಲ. ಹಿಂದೂ ಮಹಾಸಾಗರದ ಚೆಲುವ ಪೌಡರ್ ಬ್ಲೂ ಟ್ಯಾಂಗ್ ಈ ರೋಗಕ್ಕೆ ಬೇಗ ಬಲಿಯಾಗುವುದಕ್ಕೆ ಹೆಸರಾಗಿದೆ. ಜೊತೆಗೆ ಬಾಲದ ಬುಡದಲ್ಲಿರುವ ಚೂರಿಯಂಥ ಮುಳ್ಳಿನಿಂದ ಇತರ ಟ್ಯಾಂಗ್‌ಗಳನ್ನು ಸೀಳುವುದಕ್ಕೂ.

ಶಿಡ್ಲಘಟ್ಟದ ರೇಷ್ಮೆ ಸಾಕಣೆಗಾರರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಜ್ವರ, ಅಂದರೆ ಹುಳು ಪೊರೆ ಬಿಡುವ ಹಂತ, ಕಳೆದಂತೆಲ್ಲ ಅವರು ಹುಳುವಿನ ಜಾಗವನ್ನು ಹಿಗ್ಗಿಸುತ್ತ ಹೋಗುತ್ತಾರೆ, ಗಾಳಿಯಾಡುವಂತೆ ನೋಡಿಕೊಳ್ಳುತ್ತಾರೆ, ಹೊಸ ಮೊಟ್ಟೆ ತರುವ ಮುಂಚೆ ಮನೆಯನ್ನು ತೊಳೆದು ಸೋಂಕು ನಿವಾರಿಸುತ್ತಾರೆ. ಒತ್ತೊತ್ತಾದ ತಟ್ಟೆಯಲ್ಲಿ ರೋಗ ಒಂದು ಹುಳುವಿಗೆ ನಿಲ್ಲುವುದಿಲ್ಲ ಎಂಬುದನ್ನು ಅವರು ತಲೆಮಾರುಗಳಿಂದ ಬಲ್ಲರು. ಹೊಸ ಮೀನನ್ನು ನಾಲ್ಕು ವಾರವಾದರೂ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಇದೇ ಶಿಸ್ತಿನ ಇನ್ನೊಂದು ರೂಪ. ಜಗಳಕ್ಕೂ ಆ ಬೇರೆ ತೊಟ್ಟಿ ಮದ್ದು. ಕಾಟ ಕೊಡುವ ಮೀನನ್ನು ಒಂದೆರಡು ವಾರ ಅಲ್ಲಿಟ್ಟು, ಉಳಿದವು ನೆಲೆ ಕಂಡುಕೊಂಡ ಮೇಲೆ ಮರಳಿ ಬಿಟ್ಟರೆ, ಹಿಂದಿನ ಒಡೆಯ ಈಗ ಕೊನೆಗೆ ಬಂದವನಾಗುತ್ತಾನೆ.

ಹೊರಗೆ ಬಿಡುವ ಮುನ್ನ

ಸಾಕಲಾಗದ ಮೀನನ್ನು ಹೊರಗೆ ಬಿಟ್ಟುಬಿಡುವುದು ದಯೆ ಎಂದು ಅನೇಕರು ನಂಬುತ್ತಾರೆ. ಆ ದಯೆಯ ಬೆಲೆ ಏನೆಂಬುದನ್ನು ಅಟ್ಲಾಂಟಿಕ್ ಸಾಗರ ಇಂದಿಗೂ ತೆರುತ್ತಿದೆ. ಲಯನ್‌ಫಿಶ್ ನಮ್ಮ ಕಡಲಿನ, ಪಶ್ಚಿಮ ಶಾಂತಸಾಗರದ ಮೀನು. ಬೀಸಣಿಗೆಯಂಥ ರೆಕ್ಕೆಗಳ ನಡುವೆ ವಿಷದ ಮುಳ್ಳುಗಳು. 1985ರಲ್ಲಿ ಫ್ಲಾರಿಡಾದ ಕರೆಯಲ್ಲಿ ಒಂದು ಕಾಣಿಸಿತು. 1992ರ ಆಂಡ್ರ್ಯೂ ಚಂಡಮಾರುತಕ್ಕೆ ಅಕ್ವೇರಿಯಂ ಒಡೆದು ಆರು ಮೀನು ತಪ್ಪಿಸಿಕೊಂಡವೆಂಬ ಕಥೆ ಬಹಳ ಹಬ್ಬಿದೆ. ಮೊದಲ ಮೀನು ಅದಕ್ಕೂ ಏಳು ವರ್ಷ ಹಿಂದಿನದು. ಸಾಕಿದವರು ಬಿಟ್ಟ ಮೀನುಗಳಿಂದಲೇ ಈ ಸಂತತಿ ಬೆಳೆಯಿತೆಂದು ವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ ಇಡಬಲ್ಲದು. ಬಹಾಮಾಸ್‌ನ ಸಣ್ಣ ಹವಳದ ದಿಬ್ಬಗಳಲ್ಲಿ ಮಾರ್ಕ್ ಆಲ್ಬಿನ್ಸ್ ಮತ್ತು ಮಾರ್ಕ್ ಹಿಕ್ಸನ್ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಲಯನ್‌ಫಿಶ್ ಐದು ವಾರಗಳಲ್ಲಿ ಹೊಸದಾಗಿ ನೆಲೆಸುವ ಮರಿಮೀನುಗಳನ್ನು ಸರಾಸರಿ ಶೇಕಡ 79ರಷ್ಟು ತಗ್ಗಿಸಿತು. ಅಲ್ಲಿನ ಮರಿಗಳು ಇಂಥ ಬೇಟೆಗಾರನನ್ನು ಹಿಂದೆಂದೂ ಕಂಡಿರಲಿಲ್ಲ. ತನ್ನ ಕಡಲಿನಲ್ಲಿ ಸಾವಿರ ಜಾತಿಗಳ ನಡುವೆ ಅಳತೆಯಲ್ಲಿ ಬದುಕಿದ್ದ ಮೀನು ದೂರ ಅಳಿದಾಗ ಪಿಡುಗಾಯಿತು.

ಬಯಲುಸೀಮೆಯಲ್ಲಿ ಕಡಲಿನ ಮೀನನ್ನು ಕೆರೆಗೆ ಬಿಟ್ಟರೆ ಅದು ಉಳಿಯುವುದಿಲ್ಲ. ಕಡಲಿನ ಮೀನು ಸದಾ ನೀರು ಕುಡಿದು, ಕಿವಿರುಗಳಿಂದ ಉಪ್ಪನ್ನು ಹೊರದಬ್ಬಿ ಬದುಕುವ ದೇಹ. ಸಿಹಿನೀರಿನಲ್ಲಿ ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ, ಮೀನು ನರಳಿ ಸಾಯುತ್ತದೆ. ಅದು ಬಿಡುಗಡೆಯ ಹೆಸರಿನ ಕೊಲೆ. ಆದರೆ ಅದೇ ಅಂಗಡಿಗಳಲ್ಲಿ ಸಿಗುವ ಸಿಹಿನೀರಿನ ಸಕ್ಕರ್ ಮೀನು ಕೆರೆಯಲ್ಲಿ ಚೆನ್ನಾಗಿ ಉಳಿಯುತ್ತದೆ. ದಕ್ಷಿಣ ಅಮೆರಿಕದ ಈ ಮೀನಿನ ಗಂಡುಗಳು ಮೊಟ್ಟೆಗಾಗಿ ಮಣ್ಣಿನ ದಂಡೆಯಲ್ಲಿ ಉದ್ದುದ್ದ ಬಿಲ ಕೊರೆಯುತ್ತವೆ. ನಮ್ಮ ಕೆರೆಗಳ ಏರಿ ಮಣ್ಣಿನದು. ಕೋಡಿ ಬಿದ್ದಾಗ ಒಂದು ಕೆರೆಯ ನೀರು ಮುಂದಿನ ಕೆರೆಗೆ ಹರಿಯುವ ಸರಪಳಿ ನಮ್ಮದು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಹಲವು ಕೆರೆಗಳು ಈಗ ಮತ್ತೆ ತುಂಬಿವೆ. ಒಂದು ಕೆರೆಗೆ ಬಿಟ್ಟ ಮೀನು ಒಂದೇ ಕೆರೆಯಲ್ಲಿ ನಿಲ್ಲುವುದಿಲ್ಲ. ಉಪ್ಪುನೀರಿಗೂ ಇದೇ ಎಚ್ಚರಿಕೆ ಬೇಕು. ತೊಟ್ಟಿಯಿಂದ ಬದಲಿಸಿದ 20 ಲೀಟರಿನಲ್ಲಿ 700 ಗ್ರಾಂ ಲವಣವಿದೆ. ಅದನ್ನು ಗಿಡದ ಬುಡಕ್ಕೋ ಹೊಲದ ಅಂಚಿಗೋ ಸುರಿಯಬಾರದು.

ಇನ್ನೊಂದು ಹೊಣೆ ಕೊಳ್ಳುವ ಹೊತ್ತಿಗೇ ಬರುತ್ತದೆ. ಅಕ್ವೇರಿಯಂಗೆ ಬರುವ ಕಡಲಿನ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚೆಲ್ಲಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಕ್ರೂರ ಪದ್ಧತಿ ದಶಕಗಳಿಂದ ಇದೆ. ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಲವು ಜಾತಿಯ ಕ್ಲೌನ್ ಮತ್ತು ಡ್ಯಾಮ್ಸೆಲ್‌ಗಳನ್ನು ಮೊಟ್ಟೆಯೊಡೆಸಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಪೊಟ್ಟಣದ ಆಹಾರಕ್ಕೆ ಒಗ್ಗಿರುತ್ತದೆ, ಯಾವ ಹವಳದ ದಿಬ್ಬವನ್ನೂ ಬರಿದು ಮಾಡಿ ಬಂದಿರುವುದಿಲ್ಲ. ನಮ್ಮ ಕಡಲಿನ ಕಲ್ಲುಹವಳ, ಕಡಲಕುದುರೆಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ.

ಮನೆಯಲ್ಲಿ ಕಡಲಿನ ಮೀನು ಇಡಲೇಬೇಕೆಂದರೆ ದೊಡ್ಡ ತೊಟ್ಟಿ, ಕಡಿಮೆ ಮೀನು, ಪ್ರತಿ ಮೀನಿಗೂ ಮರೆಯಾಗಲು ಒಂದಕ್ಕಿಂತ ಹೆಚ್ಚು ಬಿಲ, ಸೌಮ್ಯದಿಂದ ಉಗ್ರದ ಕಡೆಗೆ ಸಾಗುವ ಕ್ರಮ, ಬೆಳೆದಾಗಿನ ಅಳತೆಯ ಲೆಕ್ಕ, ಮತ್ತು ಸಾಕಲಾಗದಾಗ ಅಂಗಡಿಗೋ ಇನ್ನೊಬ್ಬ ಸಾಕಣೆಗಾರರಿಗೋ ಮರಳಿಸುವ ಏರ್ಪಾಡು ಮೊದಲೇ ಇರಬೇಕು. ಇವೆಲ್ಲ ಸೇರಿ ಕಡಲು ಪುಕ್ಕಟೆಯಾಗಿ ಕೊಡುತ್ತಿದ್ದ ದೂರಕ್ಕೆ ನಾವು ತೆರುವ ಬಾಡಿಗೆ. ಅದನ್ನು ತೆರಲು ಆಗದಿದ್ದರೆ ಆ ಮೀನನ್ನು ಕೊಳ್ಳದೆ ಇರುವುದೇ ಅದಕ್ಕೆ ನಾವು ತೋರಬಹುದಾದ ಪ್ರೀತಿ. ತೊಟ್ಟಿಯಲ್ಲಿ ಮುಂದಿನ ಸಲ ಜಗಳ ಕಂಡಾಗ ಯಾವ ಮೀನು ಕೆಟ್ಟದ್ದು ಎಂದು ಹುಡುಕುವ ಮೊದಲು ಯಾವ ದೂರ ಕಡಿಮೆಯಾಗಿದೆ ಎಂದು ಹುಡುಕಿ. ಉತ್ತರ ಬಹುತೇಕ ಅಲ್ಲೇ ಇರುತ್ತದೆ, ಅದನ್ನು ಸರಿಪಡಿಸುವ ಕೈಯೂ ನಮ್ಮದೇ.